ಬಂಡೆ ಸವೆದು ನೆಲವಾದ ಬಗೆ

ಗಾಳಿ, ಮಳೆ, ಬಿಸಿಲಿಗೆ ಮೈಯೊಡ್ಡಿದ ಯಾವ ಬಂಡೆಯೂ ಇದ್ದ ಹಾಗೆ ಉಳಿಯುವುದಿಲ್ಲ. ಮೊದಲು ಬಣ್ಣಗೆಡುತ್ತದೆ, ಆಮೇಲೆ ಬಿರುಕು ಬಿಡುತ್ತದೆ, ಕೊನೆಗೆ ಪುಡಿಯಾಗುತ್ತದೆ. ಆ ಪುಡಿ ಮಳೆನೀರಿನೊಡನೆ ಇಳಿಜಾರು ಹಿಡಿದು ಹಳ್ಳಕ್ಕೆ, ಹಳ್ಳದಿಂದ ಹೊಳೆಗೆ, ಹೊಳೆಯಿಂದ ಕಡಲಿಗೆ ಸಾಗುತ್ತದೆ. ಇಲ್ಲಿ ನಡೆಯುವುದು ಎರಡು ಕೆಲಸ. ಬಂಡೆ ಇದ್ದಲ್ಲೇ ಶಿಥಿಲವಾಗುವುದು ಒಂದು. ಭೂಗೋಳದ ಪಠ್ಯಗಳು ಇದನ್ನು ಶಿಥಿಲೀಕರಣ ಎನ್ನುತ್ತವೆ. ಹಾಗೆ ಸಡಿಲಗೊಂಡದ್ದನ್ನು ನೀರು, ಗಾಳಿ, ಹಿಮ, ಅಲೆಗಳು ಹೊತ್ತೊಯ್ಯುವುದು ಇನ್ನೊಂದು, ಇದು ಸವೆತ. ಎರಡನ್ನೂ ಒಂದೇ ಎಂದು ನೋಡುವುದು ರೂಢಿ. ಆದರೆ ಬಿಡಿಸಿ ನೋಡಿದಾಗಲೇ ನೆಲದ ಆಕಾರಗಳು ಅರ್ಥವಾಗುವುದು. ಬಂಡೆ ಬೇಗ ಕೊಳೆತು, ಕೊಳೆತದ್ದು ನಿಧಾನವಾಗಿ ಕೊಚ್ಚಿಹೋಗುವ ಕಡೆ ಮಣ್ಣು ಆಳುದ್ದ ಕೂಡುತ್ತದೆ. ಕೊಚ್ಚಿಹೋಗುವ ವೇಗವೇ ಮೇಲಾದ ಕಡೆ ಬೋಳುಬಂಡೆ ಎದ್ದು ಕಾಣುತ್ತದೆ. ಹಂಪಿಯ ಬಂಡೆರಾಶಿ, ಮಂಗಳೂರಿನ ಕೆಂಪು ಮುರಕಲ್ಲಿನ ಗುಡ್ಡ, ಇವೆರಡೂ ಹುಟ್ಟಿದ್ದು ಈ ಎರಡು ವೇಗಗಳ ವ್ಯತ್ಯಾಸದಿಂದ.

ಆಳದಿಂದ ಮೇಲೆ ಬಂದ ಬೆಟ್ಟಗಳು

ಈ ವ್ಯತ್ಯಾಸವನ್ನು ಕಣ್ಣಾರೆ ಕಾಣಲು ಕರ್ನಾಟಕ ಬಹಳ ಒಳ್ಳೆಯ ಜಾಗ. ಇಲ್ಲಿನ ಶಿಲೆ ಬಲು ಹಳೆಯದು. ಬೆಂಗಳೂರಿನ ಲಾಲ್‌ಬಾಗಿನಲ್ಲಿ ಕೆಂಪೇಗೌಡರ ಗೋಪುರ ನಿಂತಿರುವ ಬಂಡೆಗೆ ಸುಮಾರು 300 ಕೋಟಿ ವರ್ಷ ವಯಸ್ಸು. ಮೈಸೂರು ಸಂಸ್ಥಾನದ ಭೂವಿಜ್ಞಾನ ಇಲಾಖೆಯಲ್ಲಿದ್ದ ಡಬ್ಲ್ಯು.ಎಫ್. ಸ್ಮೀತ್ ಈ ಜಾತಿಯ ಶಿಲೆಗೆ 1916ರಲ್ಲಿ ಪೆನಿನ್ಸುಲಾರ್ ನೈಸ್ ಎಂದು ಹೆಸರಿಟ್ಟರು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ ಲಾಲ್‌ಬಾಗಿನ ಬಂಡೆಯನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಸಾರಿದೆ. ಭಾರತದ ಭೂಭಾಗ ಏಷ್ಯಾಕ್ಕೆ ಡಿಕ್ಕಿ ಹೊಡೆದು ಹಿಮಾಲಯ ಏಳತೊಡಗಿದ್ದು ಸುಮಾರು 5 ಕೋಟಿ ವರ್ಷದ ಹಿಂದೆ. ಅಂದರೆ ಹಿಮಾಲಯ ಹುಟ್ಟುವ ಹೊತ್ತಿಗೆ ದಕ್ಷಿಣದ ನೆಲ ಎಷ್ಟೋ ಬೆಟ್ಟಸಾಲುಗಳನ್ನು ಕಂಡು, ಅವೆಲ್ಲ ಸವೆದು ಸಮವಾದದ್ದನ್ನೂ ಕಂಡಾಗಿತ್ತು.

ರಾಮನಗರದಿಂದ ಮಾಗಡಿ, ತುಮಕೂರು, ಮಧುಗಿರಿ, ಪಾವಗಡದ ಮೂಲಕ ಬಳ್ಳಾರಿಯ ಕಡೆಗೆ ಉತ್ತರ-ದಕ್ಷಿಣವಾಗಿ ಒಂದು ಗ್ರಾನೈಟಿನ ಪಟ್ಟಿ ಹಾದುಹೋಗಿದೆ. ರಾಮನಗರದ ಹಳೆಯ ಹೆಸರು ಕ್ಲೋಸ್‌ಪೇಟೆ. ಹಾಗಾಗಿ ಇದನ್ನು ಕ್ಲೋಸ್‌ಪೇಟ್ ಗ್ರಾನೈಟ್ ಎಂದು ಕರೆಯುತ್ತಾರೆ. ಸುಮಾರು 250 ಕೋಟಿ ವರ್ಷದ ಹಿಂದೆ ನೆಲದಡಿ ಬಹಳ ಆಳದಲ್ಲಿ ಕರಗಿದ ಶಿಲಾರಸ ಮೆಲ್ಲಗೆ ತಣಿದು ಈ ಕಲ್ಲಾಯಿತು. ಸಾವನದುರ್ಗ, ಶಿವಗಂಗೆ, ಮಧುಗಿರಿಯ ಏಕಶಿಲಾ ಬೆಟ್ಟಗಳು ಈ ಪಟ್ಟಿಯವೇ. ಸಮುದ್ರಮಟ್ಟದಿಂದ 1,226 ಮೀಟರ್ ಎತ್ತರದ ಸಾವನದುರ್ಗವನ್ನು ನೋಡಿದವರಿಗೆ ಅದು ನೆಲದೊಳಗಿಂದ ಎದ್ದು ಬಂದಂತೆ ತೋರುವುದು ಸಹಜ. ನಡೆದದ್ದು ಬೇರೆ. ಬೆಟ್ಟದ ಸುತ್ತಲಿನ, ಮೇಲಿನ ಶಿಲೆ ಕೋಟ್ಯಂತರ ವರ್ಷ ಸವೆದು ತೊಲಗಿತು. ಬಿರುಕು ಕಡಿಮೆ ಇದ್ದ ಗಟ್ಟಿ ಭಾಗ ಬೆಟ್ಟವಾಗಿ ಉಳಿಯಿತು. ದಕ್ಷಿಣದ ತುದಿಯಲ್ಲಿ ಈ ಗ್ರಾನೈಟಿನ ಹೆಚ್ಚು ಆಳದ ಭಾಗವೂ ಉತ್ತರದಲ್ಲಿ ಕಡಿಮೆ ಆಳದ ಭಾಗವೂ ಹೊರಗೆ ಕಾಣುತ್ತವೆ. ದಕ್ಷಿಣದ ಕಡೆ ನೆಲ ಹೆಚ್ಚು ಎದ್ದಿತು, ಎದ್ದಷ್ಟೂ ಸವೆಯಿತು. ಕನಕಪುರ, ರಾಮನಗರದ ಸೀಮೆಯಲ್ಲಿ ಇಂದು ಕಾಲಿಡುವ ಬಂಡೆಯ ಮೇಲೆ ಒಂದು ಕಾಲಕ್ಕೆ ಹತ್ತಾರು ಕಿಲೋಮೀಟರ್ ದಪ್ಪದ ಶಿಲೆ ಇತ್ತು.

ಇಷ್ಟು ಭಾರ ಇಳಿದಾಗ ಕೆಳಗಿನ ಬಂಡೆ ಉಬ್ಬುತ್ತದೆ. ಉಬ್ಬಿದ ಬಂಡೆ ಮೇಲ್ಮೈಗೆ ಸಮಾನಾಂತರವಾಗಿ ಪದರ ಪದರವಾಗಿ ಬಿರಿಯುತ್ತದೆ. ಏಕಶಿಲಾ ಬೆಟ್ಟಗಳ ಮೈ ದುಂಡಗೆ, ನುಣ್ಣಗೆ ಇರುವುದು ಇದರಿಂದ: ಹೊರಪದರ ಚಕ್ಕೆಯಾಗಿ ಜಾರಿಬಿದ್ದ ಮೇಲೆ ಒಳಗೂ ಅದೇ ಬಾಗಿನ ಮೈ ಇರುತ್ತದೆ. ಬೆಂಗಳೂರು ಸುತ್ತಿನ ಕಲ್ಲುಕುಟಿಗರು ಈ ಗುಣವನ್ನು ಚೆನ್ನಾಗಿ ಬಲ್ಲವರು. ಬಂಡೆಯ ಮೇಲೆ ಸೌದೆ ಉರಿಸಿ, ಬೆಂಕಿಯನ್ನು ನಿಧಾನಕ್ಕೆ ಮುಂದೆ ಸರಿಸುತ್ತ, ಕಾದು ಮೇಲೆದ್ದ ಪದರವನ್ನು ಚಪ್ಪಡಿಗಳಾಗಿ ಸೀಳಿ ತೆಗೆಯುವ ಪದ್ಧತಿ ಇಲ್ಲಿ ತಲೆಮಾರುಗಳಿಂದ ಇತ್ತು. ಹಳೆ ಮೈಸೂರಿನ ಎಷ್ಟೋ ಮನೆಗಳ ಮಾಡು, ಹೊಲದ ಬೇಲಿಯ ಕಲ್ಲುಕಂಬ ಹೀಗೆ ಬಂದವು.

ಹಂಪಿಯ ಬಂಡೆಗಳು

ಹಂಪಿಯಲ್ಲಿ ಕತೆ ಇನ್ನೊಂದು ದಾರಿ ಹಿಡಿದಿದೆ. ಅಲ್ಲಿನ ಗ್ರಾನೈಟಿನಲ್ಲಿ ಉದ್ದಕ್ಕೂ ಅಡ್ಡಕ್ಕೂ ಬಿರುಕುಗಳ ಜಾಲವಿದೆ. ತಣಿಯುವಾಗ ಕೆಲವು, ಆಮೇಲೆ ನೆಲದ ಒತ್ತಡ ಬದಲಾದಾಗ ಕೆಲವು ಹುಟ್ಟಿದವು. ಹೀಗೆ ಬಿರುಕು ಬಿಟ್ಟ ಬಂಡೆ ಒಂದೇ ಗುಡ್ಡವಾಗಿ ಉಳಿಯದೆ ಪೆಟ್ಟಿಗೆಯಾಕಾರದ ತುಂಡುಗಳಾಗುತ್ತದೆ. ಈ ತುಂಡುಗಳು ದುಂಡಗಾಗುವ ಕೆಲಸ ಬಹುಪಾಲು ಬಿಸಿಲಿನಲ್ಲಿ ನಡೆದದ್ದಲ್ಲ, ಮಣ್ಣಿನೊಳಗೆ ಕತ್ತಲೆಯಲ್ಲಿ ನಡೆದದ್ದು.

ಗ್ರಾನೈಟಿನಲ್ಲಿ ಮುಖ್ಯವಾಗಿ ಮೂರು ಖನಿಜಗಳಿವೆ: ಫೆಲ್ಡ್‌ಸ್ಪಾರ್, ಬೆಣಚು, ಅಭ್ರಕ. ಮಳೆನೀರು ಗಾಳಿಯಿಂದ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು ಸ್ವಲ್ಪ ಹುಳಿಯಾಗುತ್ತದೆ. ಮಣ್ಣಿನಲ್ಲಿ ಇಳಿಯುವಾಗ ಬೇರು, ಸೂಕ್ಷ್ಮಜೀವಿಗಳು ಬಿಟ್ಟ ಆಮ್ಲವೂ ಸೇರಿ ಇನ್ನಷ್ಟು ಹುಳಿಯಾಗುತ್ತದೆ. ಈ ನೀರು ಬಿರುಕಿಗೆ ಇಳಿದು ಫೆಲ್ಡ್‌ಸ್ಪಾರನ್ನು ಜೇಡಿಮಣ್ಣಾಗಿ ಮಾಡುತ್ತದೆ. ಅದರಲ್ಲಿದ್ದ ಪೊಟ್ಯಾಸಿಯಂ, ಸೋಡಿಯಂ ಕರಗಿ ನೀರಿನ ಜತೆ ಹೋಗುತ್ತವೆ. ಕಪ್ಪು ಅಭ್ರಕದಲ್ಲಿನ ಕಬ್ಬಿಣ ತುಕ್ಕಾಗಿ ಮಣ್ಣಿಗೆ ಕೆಂಪು ಬಣ್ಣ ಕೊಡುತ್ತದೆ. ಬೆಣಚು ಮಾತ್ರ ಯಾವುದಕ್ಕೂ ಬಗ್ಗುವುದಿಲ್ಲ. ಅದು ಬಿಡಿಬಿಡಿಯಾಗಿ ಉದುರಿ ಮರಳಾಗುತ್ತದೆ. ಹೊಳೆಯ ಮರಳೆಲ್ಲ ಬಹುತೇಕ ಹೀಗೆ ಬಂಡೆಯಿಂದ ಬಿಡಿಸಿಕೊಂಡ ಬೆಣಚಿನ ಕಣಗಳು.

ಚೌಕನೆಯ ತುಂಡಿನ ಮೂಲೆಗೆ ಮೂರು ಕಡೆಯಿಂದ, ಅಂಚಿಗೆ ಎರಡು ಕಡೆಯಿಂದ, ಮುಖಕ್ಕೆ ಒಂದೇ ಕಡೆಯಿಂದ ನೀರಿನ ಪೆಟ್ಟು ಬೀಳುತ್ತದೆ. ಹಾಗಾಗಿ ಮೂಲೆಗಳು ಮೊದಲು ಕರಗುತ್ತವೆ, ಅಂಚುಗಳು ಆಮೇಲೆ. ಕೊಳೆತ ಭಾಗ ಈರುಳ್ಳಿಯ ಸಿಪ್ಪೆಯಂತೆ ಸುತ್ತು ಸುತ್ತಾಗಿ ಬಿಟ್ಟುಕೊಂಡು, ನಡುವೆ ಗಟ್ಟಿಯಾದ ದುಂಡು ಕಲ್ಲು ಉಳಿಯುತ್ತದೆ. ರಸ್ತೆಗೆಂದು ಗುಡ್ಡ ಕಡಿದ ಕಡೆ ಕೆಂಪು ಮಣ್ಣಿನ ಗೋಡೆಯಲ್ಲಿ ಇಂಥ ದುಂಡುಕಲ್ಲುಗಳು ಹುದುಗಿರುವುದನ್ನು ನೋಡಬಹುದು. ಹವೆ ಬದಲಾಗಿ ಮಳೆ ಕಡಿಮೆಯಾದಾಗ ಅಥವಾ ನೆಲ ಎದ್ದು ಹೊಳೆಗಳ ಕಸುವು ಹೆಚ್ಚಿದಾಗ ಸುತ್ತಲಿನ ಮಣ್ಣು ಕೊಚ್ಚಿಹೋಯಿತು. ಕಲ್ಲುಗಳು ಒಂದರ ಮೇಲೊಂದು ಕುಳಿತವು. ಮಾತಂಗ ಬೆಟ್ಟ, ಹೇಮಕೂಟದ ಸುತ್ತ ಕಾಣುವ, ಯಾರೋ ಎತ್ತಿಟ್ಟಂತಿರುವ ಬಂಡೆಗಳನ್ನು ಯಾರೂ ಎತ್ತಿಟ್ಟಿಲ್ಲ. ಅವು ಹುಟ್ಟಿದಲ್ಲೇ ಇವೆ. ನಡುವೆ ತುಂಬಿದ್ದ ಮಣ್ಣಷ್ಟೇ ಹೋಗಿದೆ.

ವಿಜಯನಗರದ ಶಿಲ್ಪಿಗಳು ಈ ಬಿರುಕು, ಪದರಗಳನ್ನು ಓದಿ ಕಲ್ಲು ಸೀಳಿದರು. ಹಂಪಿಯ ಎಷ್ಟೋ ಬಂಡೆಗಳ ಮೇಲೆ ಸಾಲಾಗಿ ಕೊರೆದ ಬೆಣೆಗುಳಿಗಳು ಇಂದಿಗೂ ಉಳಿದಿವೆ. ಐದಾರು ನೂರು ವರ್ಷದ ಆ ಗುಳಿಗಳ ಅಂಚು ಇನ್ನೂ ಹರಿತವಾಗಿದೆ. ಒಣಸೀಮೆಯ ಬಯಲಿನಲ್ಲಿ ಗ್ರಾನೈಟು ಎಷ್ಟು ನಿಧಾನವಾಗಿ ಸವೆಯುತ್ತದೆ ಎಂಬುದಕ್ಕೆ ಇದಕ್ಕಿಂತ ಕೈಗೆಟುಕುವ ಸಾಕ್ಷಿ ಬೇಕಿಲ್ಲ. ಅದೇ ಕಲ್ಲು ತೇವದ ಮಣ್ಣಿನಲ್ಲಿ ಹೂತಿದ್ದರೆ ಹಲವು ಪಟ್ಟು ಬೇಗ ಕೊಳೆಯುತ್ತದೆ.

ಬೆಟ್ಟದ ಕೋಟೆಗಳ ನೆತ್ತಿಯಲ್ಲಿ ಕಾಣುವ ದೊಣೆಗಳೂ ನೀರಿನ ಇಂಥ ಕೆಲಸದ ಫಲ. ಬಂಡೆಯ ಮೇಲಿನ ಸಣ್ಣ ತಗ್ಗಿನಲ್ಲಿ ಮಳೆನೀರು ನಿಂತರೆ ಅಲ್ಲಿ ಫೆಲ್ಡ್‌ಸ್ಪಾರ್ ಬೇಗ ಕೆಡುತ್ತದೆ. ಬಿಡಿಯಾದ ಕಣಗಳನ್ನು ಮುಂದಿನ ಮಳೆ ತೊಳೆದೊಯ್ಯುತ್ತದೆ. ತಗ್ಗು ದೊಡ್ಡದಾದಷ್ಟೂ ಹೆಚ್ಚು ನೀರು ನಿಲ್ಲುತ್ತದೆ, ನೀರು ನಿಂತಷ್ಟೂ ತಗ್ಗು ದೊಡ್ಡದಾಗುತ್ತದೆ. ದುರ್ಗಗಳ ಕಾವಲಿನವರು ಬೇಸಿಗೆ ಕಳೆಯುತ್ತಿದ್ದುದು ಇಂಥ ದೊಣೆಗಳ ನೀರಿನ ಮೇಲೆ.

ಬಿಸಿಲು, ಉಪ್ಪು, ಬೇರು

ಬಂಡೆ ಒಡೆಯಲು ಆಮ್ಲವೇ ಬೇಕೆಂದಿಲ್ಲ. ಹಗಲು ಕಾದು ಇರುಳು ತಣಿಯುವ ಬಂಡೆಯಲ್ಲಿ ಒಂದೊಂದು ಖನಿಜವೂ ಒಂದೊಂದು ಅಳತೆಯಲ್ಲಿ ಹಿಗ್ಗಿ ಕುಗ್ಗುತ್ತದೆ. ಕಾಲಾಂತರದಲ್ಲಿ ಕಣಗಳ ಬೆಸುಗೆ ಸಡಿಲವಾಗುತ್ತದೆ. ಕಡಲತಡಿಯಲ್ಲಿ ಉಪ್ಪುನೀರು ಕಲ್ಲಿನ ರಂಧ್ರಕ್ಕಿಳಿದು ಒಣಗಿದಾಗ ಉಪ್ಪಿನ ಹರಳು ಬೆಳೆದು ಕಲ್ಲನ್ನು ಒಳಗಿಂದ ತಳ್ಳುತ್ತದೆ. ಲಡಾಖ್, ಹಿಮಾಚಲದಂಥ ಚಳಿಸೀಮೆಗಳಲ್ಲಿ ಈ ಕೆಲಸ ಮಂಜುಗಡ್ಡೆಯದು: ನೀರು ಹೆಪ್ಪುಗಟ್ಟುವಾಗ ಅದರ ಗಾತ್ರ ಶೇ. 9ರಷ್ಟು ಹೆಚ್ಚುತ್ತದೆ, ಬಿರುಕಿನಲ್ಲಿದ್ದ ನೀರು ಬಂಡೆಯನ್ನೇ ಸೀಳುತ್ತದೆ. ದಕ್ಷಿಣದಲ್ಲಿ ಹೆಪ್ಪಿನ ಪಾತ್ರ ಇಲ್ಲವೆಂದೇ ಹೇಳಬೇಕು.

ಇಲ್ಲಿ ಆ ಜಾಗದಲ್ಲಿರುವುದು ಬೇರು. ಹಾಳು ಗುಡಿಯ ಗೋಪುರದ ಸಂದಿಯಲ್ಲಿ ಹಕ್ಕಿ ಹಾಕಿದ ಅರಳಿಯ ಬೀಜ ಮೊಳೆತು, ಬೇರು ದಪ್ಪವಾಗುತ್ತ ಹೋದಂತೆ ಟನ್ನುಗಟ್ಟಲೆ ತೂಕದ ಕಲ್ಲು ಸರಿದುಬಿಡುತ್ತದೆ. ಸಣ್ಣವೂ ಸುಮ್ಮನಿರುವುದಿಲ್ಲ. ಮಸಾಲೆಗೆ ಹಾಕುವ ಕಲ್ಲುಹೂವಿನ ಬಳಗದ ಜೀವಿಗಳು ಬಂಡೆಯ ಮೇಲೆ ಅಂಟಿಕೊಂಡು ಬಿಡುವ ಆಮ್ಲ ಖನಿಜಗಳನ್ನು ಕರಗಿಸುತ್ತದೆ. ಗೆದ್ದಲು, ಎರೆಹುಳು, ಇಲಿಗಳು ಅಡಿಯ ಮಣ್ಣನ್ನು ಮೇಲಕ್ಕೆ ತಂದು ಮಳೆಗೆ ಒಡ್ಡುತ್ತವೆ.

ಮಳೆ ಹೆಚ್ಚಾದ ಕಡೆ

ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ. ಅಲ್ಲಿಂದ ಪೂರ್ವಕ್ಕೆ ಒಂದು ಹಗಲಿನ ಬಸ್ ಪ್ರಯಾಣದಷ್ಟು ದೂರವಿರುವ ಚಳ್ಳಕೆರೆಯ ಸುತ್ತ ಐನೂರರ ಆಸುಪಾಸು. ಮಳೆಯ ಈ ಅಂತರ ಕಲ್ಲಿನಲ್ಲೂ ಕಾಣುತ್ತದೆ. ಚಳ್ಳಕೆರೆ, ಚಿತ್ರದುರ್ಗದ ಕಡೆ ಮಣ್ಣಿನ ಪದರ ತೆಳು, ಬಂಡೆ ಹೊರಗೆ. ಕರಾವಳಿ, ಮಲೆನಾಡಿನಲ್ಲಿ ಬಂಡೆ ಕಾಣಬೇಕಾದರೆ ಎಷ್ಟೋ ಕಡೆ ಹತ್ತಿಪ್ಪತ್ತು ಮೀಟರ್ ತೋಡಬೇಕು.

ಸದಾ ಬಿಸಿ, ಸದಾ ತೇವ, ನಡುವೆ ಒಂದು ಬೇಸಿಗೆ. ಈ ಹವೆಯಲ್ಲಿ ಬಂಡೆಯಿಂದ ಕರಗಬಲ್ಲದ್ದೆಲ್ಲ ಕರಗಿಹೋಗುತ್ತದೆ. ಸುಣ್ಣ, ಪೊಟ್ಯಾಷ್, ಮೆಗ್ನೀಸಿಯಂ ಮೊದಲು, ಕೊನೆಗೆ ಸಿಲಿಕವೂ ಹೋಗುತ್ತದೆ. ಕರಗದೆ ಉಳಿಯುವುದು ಕಬ್ಬಿಣ, ಅಲ್ಯೂಮಿನಿಯಂನ ಆಕ್ಸೈಡುಗಳು. ಅವು ಗಟ್ಟಿಗೊಂಡದ್ದೇ ಜಂಬಿಟ್ಟಿಗೆ; ಕರಾವಳಿಯವರ ಮುರಕಲ್ಲು, ಚಿರೆಕಲ್ಲು. 1807ರಲ್ಲಿ ಪ್ರಕಟವಾದ ತನ್ನ ಪ್ರವಾಸಕಥನದಲ್ಲಿ ಫ್ರಾನ್ಸಿಸ್ ಬುಕಾನನ್ ಮಲಬಾರಿನ ಅಂಗಾಡಿಪುರಂನಲ್ಲಿ ಕಂಡ ಈ ಕಲ್ಲನ್ನು ವಿವರಿಸಿ ಲ್ಯಾಟರೈಟ್ ಎಂದು ಹೆಸರಿಟ್ಟ. ತೋಡುವಾಗ ಕೊಡಲಿಗೂ ಬಗ್ಗುವಷ್ಟು ಮೆತ್ತಗಿದ್ದು ಗಾಳಿ ತಾಗಿದ ಮೇಲೆ ಇಟ್ಟಿಗೆಗಿಂತ ಗಟ್ಟಿಯಾಗುವ ಗುಣ ಅವನ ಗಮನ ಸೆಳೆದಿತ್ತು. ಆ ಗುಣವನ್ನು ಅವನಿಗಿಂತ ಎಷ್ಟೋ ಮೊದಲೇ ಬಲ್ಲ ಕರಾವಳಿಯವರು ಅದರಿಂದ ಮನೆ, ಬಾವಿ, ದೇವಸ್ಥಾನದ ಪೌಳಿ ಕಟ್ಟುತ್ತ ಬಂದಿದ್ದರು. ಅಲ್ಯೂಮಿನಿಯಂ ಹೆಚ್ಚಾಗಿ ಉಳಿದ ಕಡೆ ಇದೇ ಕ್ರಿಯೆ ಬಾಕ್ಸೈಟ್ ಅದಿರನ್ನು ಕೊಟ್ಟಿದೆ. ಬೆಳಗಾವಿ ಜಿಲ್ಲೆಯಲ್ಲಿ ಅದರ ನಿಕ್ಷೇಪಗಳಿವೆ.

ಸುಣ್ಣಕಲ್ಲಿಗೆ ಹುಳಿನೀರು ಇನ್ನೂ ದೊಡ್ಡ ಶತ್ರು. ಅದು ಕೊಳೆಯುವುದಿಲ್ಲ, ನೇರವಾಗಿ ಕರಗುತ್ತದೆ. ಆಂಧ್ರದ ಬೆಳುಂ ಗುಹೆಗಳು ಹೀಗೆ ನೀರು ತಿಂದು ಬಿಟ್ಟ ಖಾಲಿ ಜಾಗ; ಅವುಗಳ ಉದ್ದ 3 ಕಿಲೋಮೀಟರಿಗೂ ಹೆಚ್ಚು. ಉತ್ತರ ಕನ್ನಡದ ಯಾಣದಲ್ಲಿ ಸುತ್ತಲಿನದೆಲ್ಲ ಹೋಗಿ ಕಪ್ಪು ಸುಣ್ಣಕಲ್ಲಿನ ಎರಡು ಶಿಖರಗಳು ಕಾಡಿನ ನಡುವೆ ನಿಂತಿವೆ. ಭೈರವೇಶ್ವರ ಶಿಖರ ಸುಮಾರು 120 ಮೀಟರ್, ಮೋಹಿನಿ ಶಿಖರ ಸುಮಾರು 90 ಮೀಟರ್ ಎತ್ತರ. ಅವುಗಳ ಮೈಮೇಲಿನ ಚೂಪಾದ ಏಣು, ಸೀಳುಗಳು ಮಳೆಹನಿ ಹರಿದ ಜಾಡುಗಳು.

ಶಿಥಿಲೀಕರಣದಿಂದ ಸಿಕ್ಕ ಅತಿ ದೊಡ್ಡ ಸಂಪತ್ತು ಮಣ್ಣು. ಗ್ರಾನೈಟು, ನೈಸ್‌ಗಳಿಂದ ದಕ್ಷಿಣದ ಕೆಂಪು ಮಣ್ಣು ಬಂತು. ಸುಮಾರು 6.6 ಕೋಟಿ ವರ್ಷದ ಹಿಂದೆ ದಖ್ಖನ್ನಿನ ಮೇಲೆ ಹರಿದ ಲಾವಾ ತಣಿದು ಬಸಾಲ್ಟ್ ಆಯಿತು. ಅದು ಕೊಳೆತು ವಿಜಯಪುರ, ಕಲಬುರಗಿ, ಬೆಳಗಾವಿ ಕಡೆಯ ಎರೆಮಣ್ಣಾಯಿತು. ಎರೆಯಲ್ಲಿನ ಜೇಡಿ ನೀರು ಕುಡಿದು ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗಿ ಕೈ ತೂರುವಷ್ಟು ಅಗಲದ ಬಿರುಕು ಬಿಡುತ್ತದೆ. ಹಿಂಗಾರಿ ಜೋಳ, ಕಡಲೆ ಮಳೆಯಿಲ್ಲದೆಯೂ ಬೆಳೆಯುವುದು ಆ ಜೇಡಿ ಹಿಡಿದಿಟ್ಟ ತೇವದಲ್ಲಿ. ಒಂದು ಸೆಂಟಿಮೀಟರ್ ಮಣ್ಣು ಕೂಡಲು ನೂರಾರು ವರ್ಷ ಬೇಕು. ಗಟ್ಟಿ ಶಿಲೆಯ ಒಣಸೀಮೆಯಲ್ಲಿ ಅದಕ್ಕಿಂತಲೂ ಹೆಚ್ಚು.

ಹೊಳೆಗಳು ಕೊರೆದ ಘಟ್ಟ

ಕೊಳೆತದ್ದನ್ನು ಹೊತ್ತೊಯ್ಯುವುದರಲ್ಲಿ ನೀರನ್ನು ಮೀರಿಸಿದ್ದು ಇಲ್ಲ. ನೀರಿನ ಬಲ ಇಳಿಜಾರನ್ನು ಅವಲಂಬಿಸಿದೆ, ಮತ್ತು ಇಳಿಜಾರಿನ ವಿಷಯದಲ್ಲಿ ಪಶ್ಚಿಮಘಟ್ಟದ ಎರಡು ಮಗ್ಗುಲುಗಳಿಗೆ ಸಾಮ್ಯವೇ ಇಲ್ಲ. ಮಹಾಬಲೇಶ್ವರದಲ್ಲಿ ಹುಟ್ಟುವ ಕೃಷ್ಣೆಗೆ ಅರಬ್ಬಿ ಸಮುದ್ರ ಸುಮಾರು 64 ಕಿಲೋಮೀಟರ್ ದೂರ. ಆದರೂ ಅದು ಪೂರ್ವಕ್ಕೆ ತಿರುಗಿ ಸುಮಾರು 1,400 ಕಿಲೋಮೀಟರ್ ಹರಿದು ಬಂಗಾಳ ಕೊಲ್ಲಿ ಸೇರುತ್ತದೆ. ಪಶ್ಚಿಮಕ್ಕೆ ಹರಿಯುವ ಶರಾವತಿಯ ಒಟ್ಟು ಉದ್ದ 128 ಕಿಲೋಮೀಟರ್ ಮಾತ್ರ. ಪಶ್ಚಿಮದ ಹೊಳೆಗಳು ಗಿಡ್ಡ, ಕಡಿದು, ಮಳೆಯೂ ಅವುಗಳ ಪಾಲಿಗೇ ಹೆಚ್ಚು.

ಘಟ್ಟ ಮಡಿಕೆಬಿದ್ದು ಎದ್ದ ಬೆಟ್ಟಸಾಲಲ್ಲ. ಪ್ರಸ್ಥಭೂಮಿಯ ಕಡಿದಾದ ಪಶ್ಚಿಮದ ಅಂಚು. ಸುಮಾರು 8.8 ಕೋಟಿ ವರ್ಷದ ಹಿಂದೆ ಮಡಗಾಸ್ಕರ್ ಭಾರತದಿಂದ ಬೇರ್ಪಟ್ಟಿತು. ಆ ಕಾಲದ ಜ್ವಾಲಾಮುಖಿ ಶಿಲೆಗಳೇ ಮಲ್ಪೆಯ ಎದುರಿನ ಸೇಂಟ್ ಮೇರೀಸ್ ದ್ವೀಪಗಳ ಕಂಬಗಲ್ಲುಗಳು. ಭೂಭಾಗ ಸೀಳಿದ ಕಡೆ ಹುಟ್ಟಿದ ಅಂಚು ಅಂದಿನಿಂದ ಹಿಂದೆ ಸರಿಯುತ್ತ ಬಂದಿದೆ. ಪಶ್ಚಿಮದ ಹಳ್ಳಗಳು ತಮ್ಮ ತಲೆಯ ಕಡೆಗೆ ಕೊರೆಯುತ್ತ ಹೋಗುತ್ತವೆ, ಅಂಚು ಪೂರ್ವಕ್ಕೆ ಹೆಜ್ಜೆ ಹೆಜ್ಜೆ ಹಿಂಜರಿಯುತ್ತದೆ, ಅದು ಬಿಟ್ಟುಹೋದ ಜಾಗವೇ ಕರಾವಳಿ. ಹೀಗೆ ಕೊರೆಯುವ ಹಳ್ಳ ಪ್ರಸ್ಥಭೂಮಿಯ ಮೇಲೆ ಬೇರೆ ಕಡೆಗೆ ಹರಿಯುತ್ತಿದ್ದ ಹೊಳೆಯನ್ನು ಮುಟ್ಟಿದರೆ ಅದರ ನೀರನ್ನೆಲ್ಲ ತನ್ನತ್ತ ತಿರುಗಿಸಿಕೊಳ್ಳುತ್ತದೆ. ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ ಹುಟ್ಟಿ ವಾಯವ್ಯಕ್ಕೆ ಹರಿಯುವ ಶರಾವತಿ ಜೋಗದ ಬಳಿ ಪಶ್ಚಿಮಕ್ಕೆ ಹೊರಳುವುದಕ್ಕೆ ಇಂಥದೇ ಕಾರಣವಿರಬಹುದೆಂಬ ಊಹೆ ಭೂವಿಜ್ಞಾನಿಗಳಲ್ಲಿ ಇದೆ.

ಜೋಗದಲ್ಲಿ ನದಿ 253 ಮೀಟರ್ ಧುಮುಕುತ್ತದೆ. ಜಲಪಾತವೆಂದರೆ ನದಿ ಇನ್ನೂ ಮುಗಿಸದ ಕೆಲಸ: ಕೆಳಗಿನ ಕಣಿವೆಯನ್ನು ಕೊರೆದಾಗಿದೆ, ಮೇಲಿನ ಬಯಲನ್ನು ಕೊರೆಯಬೇಕಿದೆ, ನಡುವಿನ ಮೆಟ್ಟಿಲು ಜಲಪಾತ. ಬೀಳುವ ನೀರು, ಅದರೊಡನೆ ಉರುಳುವ ಕಲ್ಲು ಬುಡವನ್ನು ಕೊರೆದಾಗ ಮೇಲಿನ ಬಂಡೆ ಆಧಾರ ತಪ್ಪಿ ಬೀಳುತ್ತದೆ; ಜಲಪಾತ ಒಂದಿಷ್ಟು ಹಿಂದೆ ಸರಿಯುತ್ತದೆ. ಜೋಗದ ಕೆಳಗಿನ ಕಣಿವೆ ಹಾಗೆ ಆದದ್ದು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದ ಮೇಲೆ ನೀರಿನ ಬಹುಪಾಲು ವಿದ್ಯುದಾಗಾರಕ್ಕೆ ಹೋಗುತ್ತಿರುವುದರಿಂದ ನದಿಯ ಈ ಕೆಲಸವೂ ಬಹುಮಟ್ಟಿಗೆ ನಿಂತಿದೆ.

ಹೊಳೆಗಳ ಈ ಕೊರೆತದ ಹಿಂದೆ ನೆಲದ ಏಳುವಿಕೆಯೂ ಇದೆ. ನೆಲ ಮತ್ತೆ ಮತ್ತೆ ಎದ್ದು ಹೊಳೆಗಳಿಗೆ ಹೊಸ ಕಸುವು ಬಂದದ್ದನ್ನು ಭೂವಿಜ್ಞಾನಿ ಬಿ.ಪಿ. ರಾಧಾಕೃಷ್ಣ 1993ರಲ್ಲಿ ಕರೆಂಟ್ ಸೈನ್ಸ್ ಪತ್ರಿಕೆಯ ಲೇಖನವೊಂದರಲ್ಲಿ ವಿವರಿಸಿದರು. ಪರ್ಯಾಯದ್ವೀಪ ಸವೆದು ತಣ್ಣಗಾದ ಮುದಿ ನೆಲ ಎಂಬ ಹಳೆಯ ಎಣಿಕೆಯನ್ನು ಮತ್ತೆ ಯೋಚಿಸುವಂತೆ ಮಾಡಿದ ಬರಹ ಅದು. ಮಲೆನಾಡಿನ ಮಟ್ಟಸ ಬಯಲು, ಅದರ ಪಕ್ಕದಲ್ಲೇ ಪಾತಾಳದಂಥ ಕಣಿವೆ, ಇವೆರಡೂ ಒಟ್ಟಿಗೆ ಇರುವುದಕ್ಕೆ ಆ ವಿವರಣೆ ಚೆನ್ನಾಗಿ ಹೊಂದುತ್ತದೆ.

ಸವೆದದ್ದು ಕಳೆದುಹೋಗುವುದಿಲ್ಲ, ಬೇರೆಡೆ ಕೂಡುತ್ತದೆ. ಬಾದಾಮಿ ಅದಕ್ಕೆ ಸೊಗಸಾದ ನಿದರ್ಶನ. ಅಲ್ಲಿನ ಕೆಂಪು ಮರಳುಗಲ್ಲು, ಇನ್ನೂ ಹಳೆಯ ಗ್ರಾನೈಟು, ನೈಸ್‌ಗಳು ಸವೆದು ಬಂದ ಬೆಣಚಿನ ಮರಳು ಕಲಾದಗಿ ತಗ್ಗಿನಲ್ಲಿ ಕೂತು ಗಟ್ಟಿಯಾದದ್ದು. ಬಂಡೆಯಲ್ಲಿನ ಓರೆ ಪದರಗಳು ಆ ಕಾಲದ ನೀರಿನ ಹರಿವಿನ ದಿಕ್ಕನ್ನು ಇಂದಿಗೂ ತೋರಿಸುತ್ತವೆ. ಚಾಲುಕ್ಯರು ಆರನೇ ಶತಮಾನದಲ್ಲಿ ಅದೇ ಪದರಗಳ ನಡುವೆ ಗುಹಾಲಯ ಕೊರೆದರು. ಮೂರನೇ ಗುಹೆಯಲ್ಲಿ ಕ್ರಿ.ಶ. 578ರ ಶಾಸನವಿದೆ. ಈಗ ಆ ಮರಳುಗಲ್ಲು ಎರಡನೇ ಸಲ ಸವೆಯುತ್ತಿದೆ. ಬಿರುಕಿನ ಗುಂಟ ನೀರಿಳಿದು ಬಂಡೆಗಳು ನೆಟ್ಟಗೆ ಸೀಳುತ್ತವೆ, ಮರಳು ಬಿಡಿಸಿಕೊಂಡು ಮಲಪ್ರಭೆಗೆ ಸೇರುತ್ತದೆ. ಗೋಕಾಕದಲ್ಲಿ ಘಟಪ್ರಭೆ 52 ಮೀಟರ್ ಬೀಳುವುದೂ ಇಂಥದೇ ಮರಳುಗಲ್ಲಿನ ಅಂಚಿನಿಂದ.

ಈ ಎಲ್ಲದರ ವೇಗವನ್ನು ಅಳೆಯುವ ಉಪಾಯ ಕಳೆದ ಕೆಲವು ದಶಕಗಳಲ್ಲಿ ಸಿಕ್ಕಿದೆ. ಬಾಹ್ಯಾಕಾಶದ ಕಿರಣಗಳು ಬೆಣಚಿಗೆ ಬಡಿದಾಗ ಬೆರಿಲಿಯಂ-10 ಎಂಬ ವಿಕಿರಣಶೀಲ ಪರಮಾಣು ಹುಟ್ಟುತ್ತದೆ. ನೆಲದ ಮೇಲ್ಪದರದ ಎರಡು ಮೂರು ಮೀಟರ್ ಒಳಗೇ ಇದು ಬಹುಪಾಲು ನಡೆಯುತ್ತದೆ. ಹೊಳೆಯ ಮರಳಿನಲ್ಲಿ ಆ ಪರಮಾಣು ಹೆಚ್ಚಿದ್ದರೆ ಕಣ ಬಹುಕಾಲ ಮೇಲ್ಮೈಯಲ್ಲಿ ಕಾದಿದೆ, ಅಂದರೆ ನೆಲ ನಿಧಾನವಾಗಿ ಸವೆದಿದೆ ಎಂದರ್ಥ. ಈ ಅಳತೆಯ ಪ್ರಕಾರ ದಕ್ಷಿಣದ ಪ್ರಸ್ಥಭೂಮಿ ಹತ್ತು ಲಕ್ಷ ವರ್ಷಕ್ಕೆ 10 ಮೀಟರಿನ ಆಸುಪಾಸು ಸವೆಯುತ್ತದೆ. ನೂರು ವರ್ಷಕ್ಕೆ ಒಂದು ಮಿಲಿಮೀಟರ್. ಘಟ್ಟದ ಕಡಿದಾದ ಮುಖದಲ್ಲಿ ಇದು ಹಲವು ಪಟ್ಟು. ಹಿಮಾಲಯದ ಎತ್ತರದ ಸಾಲುಗಳಲ್ಲಿ ವರ್ಷಕ್ಕೇ ಒಂದು ಮಿಲಿಮೀಟರ್ ಮೀರುವ ಕಡೆಗಳಿವೆ.

ಗಾಳಿ ಮತ್ತು ಅಲೆ

ಗಾಳಿಗೆ ಕರ್ನಾಟಕದಲ್ಲಿ ದೊಡ್ಡ ಪಾತ್ರವಿಲ್ಲ. ಹಸಿರು, ತೇವ ಇರುವ ಕಡೆ ಅದರ ಕೈ ಸಾಗುವುದಿಲ್ಲ. ತಲಕಾಡು ಇದಕ್ಕೆ ಅಪವಾದ. ಕಾವೇರಿ ತಿರುವು ಹಾಕುವ ಕಡೆ ಕೂಡಿದ ಮರಳನ್ನು ಗಾಳಿ ಎಬ್ಬಿಸಿ ಹಳೆಯ ಊರನ್ನೇ ಮುಚ್ಚಿತು. ಗುಡಿಗಳನ್ನು ಮರಳಿನಿಂದ ತೋಡಿ ತೆಗೆಯಬೇಕಾಯಿತು. ವಿಜಯನಗರದ ಕಾಲದಲ್ಲಿ ಮೇಲ್ಗಡೆ ಕಟ್ಟಿದ ಮಾಧವಮಂತ್ರಿ ಅಣೆಕಟ್ಟೆಯಿಂದ ನೀರು ಕಡಿಮೆಯಾಗಿ ನದಿಯ ಮರಳು ಗಾಳಿಗೆ ತೆರೆದುಕೊಂಡಿತು ಎಂಬುದು ಸಂಶೋಧಕರು ಮುಂದಿಟ್ಟ ಒಂದು ವಿವರಣೆ. ತಲಕಾಡು ಮರಳಾಗಲಿ ಎಂದು ಅಲಮೇಲಮ್ಮ ಕೊಟ್ಟಳೆನ್ನುವ ಶಾಪದ ಕತೆಯ ಹಿಂದೆ ಇರುವ ಘಟನೆ ಇದೇ ಇರಬಹುದು.

ಸುಮಾರು 320 ಕಿಲೋಮೀಟರಿನ ಕರಾವಳಿಯಲ್ಲಿ ಅಲೆಗಳು ಮಳೆಗಾಲಕ್ಕೆ ದಡದ ಮರಳು ಎಳೆದು, ಬೇಸಿಗೆಗೆ ಬಹುಪಾಲು ಮರಳಿಸುತ್ತವೆ. ಹೊಳೆಗಳು ತರುವ ಮರಳು ಕಡಿಮೆಯಾದರೆ, ದಡದಗುಂಟ ಸಾಗುವ ಮರಳಿಗೆ ಬಂದರಿನ ತಡೆಗೋಡೆ ಅಡ್ಡವಾದರೆ ಈ ಕೊಡುಕೊಳ್ಳುವಿಕೆ ತಪ್ಪುತ್ತದೆ. ಉಳ್ಳಾಲದಂಥ ಊರುಗಳಲ್ಲಿ ಕಡಲ್ಕೊರೆತ ವರ್ಷ ವರ್ಷ ಮನೆ, ತೆಂಗಿನ ಮರಗಳನ್ನು ನುಂಗುತ್ತಿದೆ. ಕಲ್ಲು ಸುರಿದು ಒಂದು ಕಡೆ ದಡ ಉಳಿಸಿದರೆ ಅಲೆಯ ಹಸಿವು ಪಕ್ಕದ ಕಡೆಗೆ ಹೊರಳುತ್ತದೆ.

ಜಾರುವ ಗುಡ್ಡ, ಕರಗುವ ಹೊಲ

ಬಂಡೆ ಕೊಳೆತು ದಪ್ಪ ಮಣ್ಣಾದ ಕಡೆ ಇಳಿಜಾರೂ ಕಡಿದಾಗಿದ್ದರೆ ಸವೆತ ಕಣಕಣವಾಗಿ ನಡೆಯದೆ ಒಮ್ಮೆಗೇ ನಡೆಯುತ್ತದೆ. ಎಡೆಬಿಡದ ಮಳೆಯಲ್ಲಿ ಮಣ್ಣಿನ ಕಣಗಳ ನಡುವೆ ನೀರು ತುಂಬಿ ಅವುಗಳ ಹಿಡಿತ ತಪ್ಪುತ್ತದೆ. ತಳದ ಗಟ್ಟಿ ಬಂಡೆಯ ಮೇಲೆ ಮಣ್ಣಿನ ಪದರವೇ ಜಾರುತ್ತದೆ. 2018ರ ಆಗಸ್ಟಿನಲ್ಲಿ ಕೊಡಗಿನಲ್ಲಿ ಹೀಗೆ ಗುಡ್ಡಗಳು ಕುಸಿದವು. 2020ರ ಆಗಸ್ಟಿನಲ್ಲಿ ತಲಕಾವೇರಿಯ ಬ್ರಹ್ಮಗಿರಿ ಜಾರಿತು. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಹೆದ್ದಾರಿಯ ಪಕ್ಕದ ಗುಡ್ಡ ಗಂಗಾವಳಿ ನದಿಯವರೆಗೂ ಹರಿದು ಜನ, ವಾಹನಗಳನ್ನು ಎಳೆದೊಯ್ದಿತು. ಘಟ್ಟದ ಇಳಿಜಾರು ಸಾವಿರಾರು ವರ್ಷಗಳಲ್ಲಿ ತನ್ನ ಮಣ್ಣಿಗೆ ಹೊಂದುವ ಕೋನದಲ್ಲಿ ನಿಂತಿರುತ್ತದೆ. ರಸ್ತೆಗೋ ಮನೆಗೋ ಬುಡವನ್ನು ನೆಟ್ಟಗೆ ಕಡಿದರೆ ಆ ಹೊಂದಿಕೆ ಕೆಡುತ್ತದೆ. ಆಳಕ್ಕೆ ಬೇರು ಬಿಟ್ಟ ಕಾಡು ಹೋಗಿ, ನೀರು ಹರಿಯುವ ಹಳ್ಳಗಳು ಮುಚ್ಚಿದರೆ ಇನ್ನೂ ಕೆಡುತ್ತದೆ. ಮಳೆ ಇದಕ್ಕೆ ನೆಪ; ಗುಡ್ಡ ಅಷ್ಟರಲ್ಲೇ ಸಡಿಲವಾಗಿರುತ್ತದೆ.

ಬಯಲುಸೀಮೆಯ ಹೊಲಗಳಲ್ಲಿ ನಷ್ಟ ಸದ್ದಿಲ್ಲದೆ ಆಗುತ್ತದೆ. ದೊಡ್ಡ ಮಳೆಹನಿ ಸೆಕೆಂಡಿಗೆ ಸುಮಾರು 9 ಮೀಟರ್ ವೇಗದಲ್ಲಿ ಬಿದ್ದು ಬತ್ತಲೆ ಮಣ್ಣಿನ ಹೆಂಟೆಯನ್ನು ಒಡೆಯುತ್ತದೆ. ಒಡೆದ ನವಿರು ಕಣ ಮಣ್ಣಿನ ರಂಧ್ರಗಳನ್ನು ಮುಚ್ಚುತ್ತದೆ, ನೀರು ಇಂಗದೆ ಹರಿಯುತ್ತದೆ, ಹರಿಯುವ ನೀರು ಮೇಲ್ಮಣ್ಣನ್ನು ತೆಗೆದುಕೊಂಡು ಹೋಗುತ್ತದೆ. ಮೊದಲು ತೆಳು ಪದರವಾಗಿ, ಆಮೇಲೆ ಸಣ್ಣ ಗೀರುಗಳಾಗಿ, ಕೊನೆಗೆ ಎತ್ತು ದಾಟಲಾಗದ ಕೊರಕಲಾಗಿ. 1983ರಲ್ಲಿ ಡೆಹ್ರಾಡೂನಿನ ಮಣ್ಣು ಸಂರಕ್ಷಣಾ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಮಾಡಿದ ಅಂದಾಜಿನಂತೆ ದೇಶದಲ್ಲಿ ಸರಾಸರಿ ಹೆಕ್ಟೇರಿಗೆ ವರ್ಷಕ್ಕೆ 16 ಟನ್ನಿಗೂ ಹೆಚ್ಚು ಮಣ್ಣು ಕದಲುತ್ತದೆ. ಅದರಲ್ಲಿ ಸುಮಾರು ಶೇ. 29 ಸಮುದ್ರ ಸೇರುತ್ತದೆ, ಶೇ. 10 ಜಲಾಶಯಗಳಲ್ಲಿ ಕೂರುತ್ತದೆ, ಉಳಿದದ್ದು ಒಂದೆಡೆಯಿಂದ ಇನ್ನೊಂದೆಡೆಗೆ ಸ್ಥಳ ಬದಲಿಸುತ್ತದೆ. ಹೆಕ್ಟೇರಿಗೆ 16 ಟನ್ ಎಂದರೆ ಹೊಲದ ಮೇಲೆ ಸರಿಸುಮಾರು ಒಂದು ಮಿಲಿಮೀಟರ್ ದಪ್ಪದ ಪದರ. ಪ್ರಸ್ಥಭೂಮಿ ನೂರು ವರ್ಷದಲ್ಲಿ ಸವೆಯುವಷ್ಟನ್ನು ಉತ್ತ ಹೊಲ ಒಂದು ವರ್ಷದಲ್ಲಿ ಕಳೆದುಕೊಳ್ಳುತ್ತಿದೆ.

ಇದನ್ನು ತಡೆಯುವ ಉಪಾಯಗಳು ರೈತರಿಗೆ ಹೊಸದಲ್ಲ. ಇಳಿಜಾರಿಗೆ ಅಡ್ಡಲಾಗಿ ಉಳುವುದು, ಒಡ್ಡು ಹಾಕುವುದು, ಬದುವಿನ ಮೇಲೆ ಹುಲ್ಲು ಬೆಳೆಸುವುದು, ಹೊಲವನ್ನು ಮಳೆಗಾಲದ ಮೊದಲ ವಾರಗಳಲ್ಲಿ ಬತ್ತಲೆ ಬಿಡದಿರುವುದು, ಹಳ್ಳಕ್ಕೆ ಅಲ್ಲಲ್ಲಿ ಕಲ್ಲಿನ ತಡೆ ಕಟ್ಟುವುದು. ಊರಿನ ಕೆರೆ ಇವೆಲ್ಲದರ ಕೊನೆಯ ಕಾವಲು. ಬೇಸಿಗೆಯಲ್ಲಿ ಕೆರೆಯ ಗೋಡುಮಣ್ಣನ್ನು ಗಾಡಿಯಲ್ಲಿ ಹೊಲಕ್ಕೆ ಹೊಡೆಯುವ ರೂಢಿಯಿಂದ, ಮಳೆ ಕದ್ದದ್ದರಲ್ಲಿ ಸ್ವಲ್ಪವಾದರೂ ಹಿಂದಕ್ಕೆ ಬರುತ್ತಿತ್ತು.

ದೊಡ್ಡ ಜಲಾಶಯದಲ್ಲಿ ಹಾಗೆ ಮಾಡಲಾಗದು. ತುಂಗಭದ್ರಾ ಅಣೆಕಟ್ಟು 1953ರಲ್ಲಿ ಸಿದ್ಧವಾದಾಗ ಅದರಲ್ಲಿ ಸುಮಾರು 133 ಟಿಎಂಸಿ ನೀರು ಹಿಡಿಯುತ್ತಿತ್ತು. ಇಂದು ಲೆಕ್ಕಕ್ಕೆ ಹಿಡಿಯುವ ಸಾಮರ್ಥ್ಯ 105.79 ಟಿಎಂಸಿ. ನಡುವಿನ ಸುಮಾರು 27 ಟಿಎಂಸಿ ಜಾಗದಲ್ಲಿ ಹೂಳು ಕೂತಿದೆ. ಕಳೆದ ಆ ನೀರನ್ನು ಬೇರೆಡೆ ಹಿಡಿಯಲು ಕೊಪ್ಪಳ ಜಿಲ್ಲೆಯ ನವಲಿ ಬಳಿ ಇನ್ನೊಂದು ಜಲಾಶಯ ಕಟ್ಟುವ ಪ್ರಸ್ತಾವವಿದೆ. ಮೇಲಿನ ಹೊಲ, ಕಾಡು, ಹಳ್ಳಗಳಲ್ಲಿ ಮಣ್ಣನ್ನು ಹಿಡಿಯದಿದ್ದರೆ ತುಂಗಭದ್ರೆಯಲ್ಲಿ ಹೂಳು ಕೂರುವುದು ಮಾತ್ರ ನಿಲ್ಲದು.